ಮೀಟುವಾದ್ಯಗಳ ಉತ್ಸವಕ್ಕೆ ಹೊರಟವರಿಗೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಜರ್ಮನಿಯ ಬ್ರುಖ್ಸಾಲ್ ಊರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಯೂರೋಫೆಸ್ಟಿವಲ್ ಅನ್ನು ನೋಡಿಬರಬೇಕೆಂದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದು ಕೇಳಿದ್ದಾರೆ. ಮ್ಯಾಂಡೋಲಿನ್, ಗಿಟಾರ್ ಮೊದಲಾದ ಮೀಟುವಾದ್ಯಗಳಿಗೇ ಮೀಸಲಾದ ಉತ್ಸವ ಅದು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ವಾದ್ಯಗೋಷ್ಠಿಗಳಲ್ಲಿ ಬಹಳ ವರ್ಷದಿಂದ ಮ್ಯಾಂಡೋಲಿನ್ ನುಡಿಸುತ್ತೇನೆ. ಆ ಉತ್ಸವ ನಮ್ಮ ರಾಮನವಮಿ ಸಂಗೀತೋತ್ಸವದ ಹಾಗೆಯೇ ಇರುತ್ತದೆಯೇ? ಸುಮ್ಮನೆ ಹೋಗಿ ಕುಳಿತು ಕೇಳಬಹುದೇ?
— ಹರಿಹರದ ಓದುಗರು

ಕೇಳಬಹುದು, ಟಿಕೆಟ್ ಕೊಂಡರೆ ಸಾಕು. ಆದರೆ ರಾಮನವಮಿ ಚಪ್ಪರದ ಹಾಗೆ ಒಬ್ಬ ವಿದ್ವಾಂಸರು ಎರಡೂವರೆ ಗಂಟೆ ನುಡಿಸುವ ಏರ್ಪಾಡು ಅಲ್ಲಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ತಂಡದ ಹಿಂದೆ ತಂಡ ವೇದಿಕೆ ಹತ್ತುತ್ತದೆ. ಉತ್ಸವ ನಡೆಸುವುದು 1963ರಲ್ಲಿ ಹುಟ್ಟಿದ ಜರ್ಮನಿಯ ಮೀಟುವಾದ್ಯದವರ ಒಕ್ಕೂಟ. ಸಭೆಯಲ್ಲಿ ನಿಮ್ಮ ಪಕ್ಕ ಕೂತವರೂ ಹೆಚ್ಚಾಗಿ ನುಡಿಸುವವರೇ ಆಗಿರುತ್ತಾರೆ. ಮಧ್ಯಾಹ್ನ ಕೇಳುಗರಾಗಿದ್ದವರು ಸಂಜೆ ವೇದಿಕೆಯ ಮೇಲಿರುತ್ತಾರೆ.

ಅಲ್ಲಿನ ಮುಖ್ಯ ರೂಪ ಮೀಟುವಾದ್ಯಗಳ ಆರ್ಕೆಸ್ಟ್ರಾ. ಐದು ವಿಭಾಗ: ಮೊದಲ ಮ್ಯಾಂಡೋಲಿನ್, ಎರಡನೇ ಮ್ಯಾಂಡೋಲಿನ್, ಮ್ಯಾಂಡೋಲ, ಗಿಟಾರ್, ಡಬಲ್ ಬಾಸ್. ಮ್ಯಾಂಡೋಲ ಎಂದರೆ ಮ್ಯಾಂಡೋಲಿನ್‌ನ ಅಣ್ಣ. ಜರ್ಮನ್ ತಂಡಗಳಲ್ಲಿ ಅದೇ ಜಿ-ಡಿ-ಎ-ಇ (ಪಾಶ್ಚಾತ್ಯ ಸ್ವರಗಳ ಹೆಸರು) ತಂತಿಗಳನ್ನು ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿರುತ್ತಾರೆ. ನಡುವೆ ರಷ್ಯಾದ ಮೂರು ತಂತಿಯ ದೋಮ್ರ, ಸ್ಪೇನಿನ ಹನ್ನೆರಡು ತಂತಿಯ ಬಂದೂರ್ರಿಯದಂಥ ಬಂಧುಗಳೂ ಕಿವಿಗೆ ಬೀಳಬಹುದು.

ಕಾರ್ಯಾಗಾರದಲ್ಲಿ ಸೇರಿ ನುಡಿಸುವ ಆಸೆಯಿದ್ದರೆ ಒಂದು ಮಾತನ್ನು ಮುಲಾಜಿಲ್ಲದೆ ಹೇಳಬೇಕು. ಗೋಷ್ಠಿಯಲ್ಲಿ ಹಾಡನ್ನು ಎರಡು ಸಲ ಕೇಳಿ ಹಿಡಿದುಬಿಡುವ ನಿಮ್ಮ ಕಿವಿ ಅಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಎದುರಿಗೆ ಸ್ಟಾಫ್ ನೋಟೇಶನ್ (ಐದು ಗೆರೆಗಳ ಮೇಲೆ ಸ್ವರ ಗುರುತಿಸುವ ಪಾಶ್ಚಾತ್ಯ ಲಿಪಿ) ಹಾಳೆ ಇಟ್ಟು, ಕೈ ಬೀಸಿ ಶುರು ಮಾಡಿಬಿಡುತ್ತಾರೆ. ನಾಲ್ಕು ಖಾಲಿ ತಂತಿಗಳ ಜಾಗವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ದಪ್ಪ ಜಿ ತಂತಿ ಐದು ಗೆರೆಗಳ ಕೆಳಗೆ, ಎರಡು ಪುಟ್ಟ ಗೆರೆಗಳ ಅಡಿಗೆ. ಡಿ ಕೊನೆಯ ಗೆರೆಗೆ ತಾಗಿದಂತೆ ಕೆಳಗೆ. ಎ ಕೆಳಗಿನಿಂದ ಎರಡನೇ ಸಂದಿನಲ್ಲಿ, ಇ ನಾಲ್ಕನೇ ಸಂದಿನಲ್ಲಿ. ಎರಡನೇ ಮ್ಯಾಂಡೋಲಿನ್‌ನ ಪಾಲು ಹೆಚ್ಚಾಗಿ ವಾದ್ಯದ ಕತ್ತಿನ ಮೇಲಿನ ಮೆಟ್ಟಿಲುಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಏಳನೇ ಫ್ರೆಟ್‌ನೊಳಗೇ ಮುಗಿಯುವುದರಿಂದ ಹೊಸಬರು ಅದನ್ನೇ ಕೇಳಿ ಪಡೆಯುವುದು ಜಾಣತನ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಆರು ತಿಂಗಳು ಓದಿದರೆ ನಿಧಾನಗತಿಯ ಪಾಲು ತಡವರಿಸದೆ ಬರುತ್ತದೆ.

ಇನ್ನೊಂದು ಅಭ್ಯಾಸವನ್ನು ಬಿಡಿಸಿಕೊಳ್ಳಬೇಕು. ಸಿನಿಮಾ ಹಾಡಿನ ಮ್ಯಾಂಡೋಲಿನ್‌ನಲ್ಲಿ ಉದ್ದ ಸ್ವರ ಬಂದಲ್ಲೆಲ್ಲ ಕೈ ತಾನಾಗಿ ಟ್ರೆಮೊಲೊಗೆ, ಅಂದರೆ ಒಂದೇ ಸ್ವರವನ್ನು ಬಿಡದೆ ಬೇಗಬೇಗ ಮೀಟುವುದಕ್ಕೆ, ಜಾರುತ್ತದೆ. ಅಲ್ಲಿ ಸ್ವರದ ಕಡ್ಡಿಯ ಮೇಲೆ ಅಡ್ಡಗೀಟು ಎಳೆದಿದ್ದರೆ ಮಾತ್ರ ಟ್ರೆಮೊಲೊ, ಇಲ್ಲದಿದ್ದರೆ ಒಂದೇ ಮೀಟು, ಅದು ತಾನಾಗಿ ಆರುವವರೆಗೆ ಬಿಡಬೇಕು. ಮೂವತ್ತು ಜನ ಒಂದು ಮೀಟು ಹಾಕಿ ಸುಮ್ಮನಿರುವಾಗ ಒಬ್ಬರು ಮಾತ್ರ ಗಿರಗಿರ ಎನಿಸಿದರೆ ಎಲ್ಲ ಕತ್ತುಗಳೂ ಈ ಕಡೆ ತಿರುಗುತ್ತವೆ.

ನಾನು ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೋಲಿನ್‌ನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಅದನ್ನೇ ಒಯ್ಯಬಹುದೇ?
— ಚಿತ್ರದುರ್ಗದ ಕಾಲೇಜು ವಿದ್ಯಾರ್ಥಿನಿ

ಏಕಾಂಗಿ ನುಡಿಸಾಣಿಕೆಗೆ ಧಾರಾಳವಾಗಿ ಒಯ್ಯಿರಿ. ಆರ್ಕೆಸ್ಟ್ರಾದಲ್ಲಿ ಕೂರಲು ಅದು ಹೊಂದುವುದಿಲ್ಲ.

ಕಾರಣ ವಾದ್ಯದ ರಚನೆಯಲ್ಲೇ ಇದೆ. ಮಾಮೂಲಿ ಮ್ಯಾಂಡೋಲಿನ್‌ನಲ್ಲಿ ನಾಲ್ಕು ಜೋಡಿ, ಒಟ್ಟು ಎಂಟು ತಂತಿ. ಗಮಕಕ್ಕೆಂದು ಜೋಡಿಯನ್ನು ಪಕ್ಕಕ್ಕೆ ಎಳೆದರೆ ಎರಡೂ ತಂತಿ ಒಂದೇ ಸಮ ಬಿಗಿಯಾಗುವುದಿಲ್ಲ; ಕೂದಲೆಳೆಯಷ್ಟು ವ್ಯತ್ಯಾಸಕ್ಕೇ ಸ್ವರ ಸೀಳಿ ಕಂಪಿಸುತ್ತದೆ. ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿದ ಮ್ಯಾಂಡೋಲಿನ್ ವಿದ್ವಾಂಸ ಯು. ಶ್ರೀನಿವಾಸ್ (1969–2014) ಐದು ಒಂಟಿ ತಂತಿಯ ಎಲೆಕ್ಟ್ರಿಕ್ ವಾದ್ಯವನ್ನು ಬಳಸಿದ್ದರ ಮರ್ಮ ಅದು. ಒಂಟಿ ತಂತಿ ಸಲೀಸಾಗಿ ಜಗ್ಗುತ್ತದೆ, ಬೇಗ ಆರುವ ನಾದವನ್ನು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಹಿಡಿದು ನಿಲ್ಲಿಸುತ್ತದೆ. 1983ರಲ್ಲಿ ಬರ್ಲಿನ್ ಜಾಝ್ ಉತ್ಸವದಲ್ಲಿ ನುಡಿಸಿದಾಗ ಅವರಿಗೆ ಹದಿನಾಲ್ಕು ವರ್ಷ. ಹಾಗಾಗಿ ಈ ವಾದ್ಯ ಜರ್ಮನರಿಗೆ ತೀರ ಅಪರಿಚಿತವೇನಲ್ಲ.

ಆದರೆ ಆರ್ಕೆಸ್ಟ್ರಾ ಕೂರುವುದು ಮೈಕ್ ಇಲ್ಲದೆ. ಅಷ್ಟು ಮೆಲುದನಿಗಳ ನಡುವೆ ಆಂಪ್ಲಿಫೈಯರ್ ಎಷ್ಟು ತಗ್ಗಿಸಿದರೂ ಬೇರೆಯಾಗಿಯೇ ಕೇಳುತ್ತದೆ. ಕಾರ್ಯಾಗಾರಕ್ಕೆ ಎಂಟು ತಂತಿಯ ವಾದ್ಯವೊಂದನ್ನು ಎರವಲು ಕೊಡಲಾದೀತೇ ಎಂದು ಹೆಸರು ನೋಂದಾಯಿಸುವಾಗಲೇ ಬರೆದು ಕೇಳಿ. ನಿಮ್ಮ ಬೆರಳಿಗೆ ಸ-ಪ ಶ್ರುತಿ ಒಗ್ಗಿದ್ದರೆ ಜಿ-ಡಿ-ಎ-ಇ ಗೊಂದಲ ಮಾಡುತ್ತದೆ. ಪಿಟೀಲಿನವರ ಪಾಶ್ಚಾತ್ಯ ಶ್ರುತಿಯೂ ಇದೇ ಆದ್ದರಿಂದ ಪಾಶ್ಚಾತ್ಯ ಪಿಟೀಲು ಕಲಿತ ಗೆಳತಿಯಿದ್ದರೆ ಬೆರಳುಗಳ ಜಾಗವನ್ನು ಅವರಿಂದಲೇ ಹೇಳಿಸಿಕೊಳ್ಳಬಹುದು.

ಒಯ್ಯುವುದಾದರೆ: ಕೇಬಲ್ ಎರಡು (ಒಂದು ಖಂಡಿತ ಕೈಕೊಡುತ್ತದೆ), ಡಿಐ ಬಾಕ್ಸ್ (ವಾದ್ಯವನ್ನು ಸಭೆಯ ಧ್ವನಿವ್ಯವಸ್ಥೆಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಒಂದು, ತಂಬೂರಿ ಆ್ಯಪ್ ಇರುವ ಫೋನು. ಜರ್ಮನಿಯಲ್ಲೂ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್, ಪರಿವರ್ತಕ ಬೇಡ. ನಮ್ಮ ಮೂರು ಗುಂಡುಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರದ ಕಾರಣ ಅಡಾಪ್ಟರ್ ಮಾತ್ರ ಬೇಕು.

ವಿಮಾನದಲ್ಲಿ ಒಯ್ಯುವಾಗ ತಂತಿಗಳನ್ನು ಪೂರ್ತಿ ಸಡಿಲಿಸಬೇಕೆಂದು ಕೆಲವರು, ಮುಟ್ಟಲೇಬಾರದೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
— ವಿದ್ಯಾನಗರ, ದಾವಣಗೆರೆ

ಎರಡೂ ಅಲ್ಲ. ಒಂದು ಪೂರ್ಣ ಸ್ವರದಷ್ಟು (ಎರಡು ಫ್ರೆಟ್‌ನಷ್ಟು) ಇಳಿಸಿ, ಅಷ್ಟೇ.

ಎಂಟು ತಂತಿಗಳ ಒಟ್ಟು ಎಳೆತ ಎಪ್ಪತ್ತರಿಂದ ಎಂಬತ್ತು ಕಿಲೊ. ಪೆಟ್ಟಿಗೆ ಮುಗ್ಗರಿಸಿ ಬಿದ್ದರೆ ಈ ಎಳೆತವೇ ಕತ್ತಿನ ಬುಡವನ್ನು ಸೀಳುತ್ತದೆ. ಹಾಗೆಂದು ಪೂರ್ತಿ ಸಡಿಲಿಸಿದರೆ ಬೇರೆ ತೊಂದರೆ. ಗಿಟಾರಿನ ಬ್ರಿಡ್ಜ್ ಅಂಟಿಸಿದ್ದು. ಮ್ಯಾಂಡೋಲಿನ್‌ನ ಬ್ರಿಡ್ಜ್, ವೀಣೆಯವರ ಮಾತಿನಲ್ಲಿ ಕುದುರೆ, ತಂತಿಯ ಒತ್ತಡದಿಂದ ಮಾತ್ರ ನಿಂತಿರುತ್ತದೆ. ಬಿಗಿ ಹೋದೊಡನೆ ಅದು ಸರಿದು, ಪೆಟ್ಟಿಗೆಯೊಳಗೆ ಉರುಳಾಡಿ ಮೇಲ್ಹಲಗೆಯನ್ನು ಗೀಚುತ್ತದೆ.

ಹೊರಡುವ ಮೊದಲು ಕುದುರೆಯ ನಾಲ್ಕು ಮೂಲೆಗೂ ಹಲಗೆಯ ಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟುಕೊಳ್ಳಿ. ಅಲ್ಲಿ ತಲುಪಿದ ಮೇಲೆ ಶ್ರುತಿ ಏರಿಸಿ ಹನ್ನೆರಡನೇ ಫ್ರೆಟ್‌ನಲ್ಲಿ ಪರೀಕ್ಷೆ ಮಾಡಿ. ತಂತಿಯನ್ನು ಒತ್ತದೆ ಫ್ರೆಟ್‌ನ ನೇರಕ್ಕೆ ಬೆರಳು ತಾಗಿಸಿ ಬರುವ ಹಾರ್ಮೋನಿಕ್ ನಾದಕ್ಕೂ ಒತ್ತಿ ನುಡಿಸಿದ ಸ್ವರಕ್ಕೂ ವ್ಯತ್ಯಾಸ ಇರಬಾರದು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಕೂದಲೆಳೆಯಷ್ಟು ಸರಿಸಿ.

ಮ್ಯಾಂಡೋಲಿನ್ ಪೆಟ್ಟಿಗೆ ಸುಮಾರು 70–75 ಸೆಂಟಿಮೀಟರ್ ಉದ್ದ, ಕ್ಯಾಬಿನ್ ಚೀಲದ ಸಾಮಾನ್ಯ ಮಿತಿ 55. ಆದರೂ ತಲೆಯ ಮೇಲಿನ ಗೂಡಿನಲ್ಲಿ ಅದು ಸಲೀಸಾಗಿ ಹಿಡಿಸುತ್ತದೆ ಎಂಬ ಕಾರಣಕ್ಕೆ ಹೆಚ್ಚಿನ ಕಡೆ ಬಿಡುತ್ತಾರೆ. ಕೌಂಟರಿನವರ ಮನಸ್ಸಿನ ಮೇಲೆ ಬಿಡಬೇಡಿ. ಟಿಕೆಟ್ ಕಾಯ್ದಿರಿಸುವಾಗಲೇ ಸಂಗೀತ ವಾದ್ಯವೆಂದು ತಿಳಿಸಿ, ಒಪ್ಪಿಗೆಯ ಇಮೇಲನ್ನು ಮುದ್ರಿಸಿಟ್ಟುಕೊಳ್ಳಿ. ತಂತಿ ಕತ್ತರಿಸುವ ಇಕ್ಕಳ, ಬಿಡಿ ತಂತಿ ಚೆಕ್-ಇನ್ ಚೀಲಕ್ಕೆ. ಪವರ್ ಬ್ಯಾಂಕ್ ಕಡ್ಡಾಯವಾಗಿ ಕೈಚೀಲಕ್ಕೆ.

ನಿಜ ಹೇಳಬೇಕೆಂದರೆ ವಿಮಾನಕ್ಕಿಂತ ದಾವಣಗೆರೆಯಿಂದ ಬೆಂಗಳೂರಿನವರೆಗಿನ 260 ಕಿಲೋಮೀಟರೇ ಅಪಾಯದ ಹಾದಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಬಸ್ಸಿನ ಡಿಕ್ಕಿ ಕಾದ ಹಂಚಾಗಿರುತ್ತದೆ, ಮರದ ಕೆಲಸದ ಅಂಟು ಆ ಬಿಸಿಗೆ ಮೆತ್ತಗಾಗಿ ಕುದುರೆಯ ಕೆಳಗಿನ ಹಲಗೆ ಕುಸಿಯುತ್ತದೆ. ರಾತ್ರಿ ಬಸ್ಸೋ ರೈಲೋ ಹಿಡಿಯಿರಿ, ವಾದ್ಯ ತೊಡೆಯ ಮೇಲಿರಲಿ.

ಇಲ್ಲಿ ಮ್ಯಾಂಡೋಲಿನ್ ತಂತಿಯ ಸೆಟ್ ಸಿಗುವುದೇ ಕಷ್ಟ. ಗಿಟಾರ್ ತಂತಿ ಹಾಕಬಹುದೇ?
— ಚಳ್ಳಕೆರೆ

ಹಾಕಬಹುದು, ದಪ್ಪ ನೋಡಿ ಆರಿಸಬೇಕು. ಹಗುರ ಸೆಟ್ಟಿನ ಅಳತೆ ಇಂಚಿನಲ್ಲಿ: ಇ 0.010, ಎ 0.014, ಡಿ 0.024, ಜಿ 0.038. ಮೊದಲೆರಡು ಬರಿಯ ಉಕ್ಕು, ಉಳಿದೆರಡು ಸುತ್ತು ತಂತಿ. ಪ್ರತಿಯೊಂದೂ ಎರಡೆರಡು. ಗಿಟಾರ್ ತಂತಿಯ ತುದಿಯಲ್ಲಿ ಹಿತ್ತಾಳೆ ಗುಂಡು ಇರುತ್ತದೆ, ಮ್ಯಾಂಡೋಲಿನ್‌ಗೆ ಬೇಕಾದದ್ದು ಬರಿಯ ಕುಣಿಕೆ. ಗುಂಡನ್ನು ಇಕ್ಕಳದಲ್ಲಿ ಹಿಡಿದು ಅಮುಕಿ ಒಡೆದರೆ ಕುಣಿಕೆ ಉಳಿಯುತ್ತದೆ. ತಿರುಚಿದ ಭಾಗಕ್ಕೆ ಇಕ್ಕಳ ತಾಗಿತೋ, ಶ್ರುತಿ ಏರಿಸುವಾಗ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕನ್ನಡಕ ಹಾಕಿಕೊಂಡು ಮಾಡಿ.

ಬೆನ್ನು ಮಡಕೆಯಂತೆ ಉಬ್ಬಿದ, ಇಟಲಿಯ ನೇಪಲ್ಸ್ ಊರಿನ ಮಾದರಿಯ ವಾದ್ಯವಾದರೆ ಇದಕ್ಕಿಂತಲೂ ಹಗುರವಾದ, ಆ ಮಾದರಿಗೆಂದೇ ತಯಾರಾದ ಸೆಟ್ ಬೇಕು. ಅಮೆರಿಕದ ಬ್ಲೂಗ್ರಾಸ್ ಎಂಬ ಜನಪದ ಶೈಲಿಯ ಸಂಗೀತಕ್ಕೆ ಬಳಸುವ ಮಾದರಿಯ ಭಾರದ ತಂತಿ ಬಿಗಿದರೆ ಕೆಲವೇ ತಿಂಗಳಲ್ಲಿ ಹಲಗೆ ಕುಳಿಬೀಳಬಹುದು. ಹೊಸ ತಂತಿಯನ್ನು ಹೊರಡುವ ಐದಾರು ದಿನ ಮೊದಲೇ ಹಾಕಿ. ಜಗ್ಗಿ ನೆಲೆಗೊಳ್ಳುವ ಮುನ್ನ ಅದು ಶ್ರುತಿಯಲ್ಲಿ ನಿಲ್ಲುವುದಿಲ್ಲ.

ತಾತನ ಕಾಲದ ಇಟಲಿಯ ಮ್ಯಾಂಡೋಲಿನ್ ಮನೆಯಲ್ಲಿದೆ. ಪಿಕ್ ತಾಗುವ ಜಾಗದಲ್ಲಿ ಆಮೆ ಚಿಪ್ಪಿನಂತಹ ತಗಡು ಇದೆ. ಅಲ್ಲಿಯವರಿಗೆ ತೋರಿಸಿ ರಿಪೇರಿ ಮಾಡಿಸಲು ಒಯ್ಯಬಹುದೇ?
— ಹೊಳಲ್ಕೆರೆ

ಒಯ್ಯಬೇಡಿ, ಫೋಟೊ ಒಯ್ಯಿರಿ.

ಅದು ನಿಜವಾದ ಆಮೆ ಚಿಪ್ಪಾಗಿದ್ದರೆ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರುತ್ತದೆ, ಗಡಿಯಲ್ಲಿ ವಾದ್ಯವನ್ನೇ ಮುಟ್ಟುಗೋಲು ಹಾಕಬಹುದು. ಸೆಲ್ಯುಲಾಯ್ಡ್ ಆಗಿದ್ದರೆ ತೊಂದರೆಯಿಲ್ಲ. ಆದರೆ ಕಾದ ಸೂಜಿ ಚುಚ್ಚಿ ಪರೀಕ್ಷಿಸಲು ಹೋಗಬೇಡಿ, ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುವ ವಸ್ತು. ವಾದ್ಯಕ್ಕೆ ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಶ್ನೆಯೂ ಏಳುತ್ತದೆ.

ಸಿತಾರ್ ಒಯ್ಯುವವರಿಗೂ ಇದೇ ಎಚ್ಚರಿಕೆ: ಹಳೆಯ ಸಿತಾರಿನ ಕುದುರೆ ಜಿಂಕೆ ಕೊಂಬಿನದಾಗಿದ್ದರೆ ಬದಲಿಸಿಕೊಂಡೇ ಹೊರಡಿ. ಬೀಟೆ ಮರಕ್ಕೆ ಈಗ ಅಷ್ಟು ಭಯವಿಲ್ಲ. 2017ರಲ್ಲಿ ಬಂದಿದ್ದ ನಿರ್ಬಂಧದಿಂದ ಸಿದ್ಧ ಸಂಗೀತ ವಾದ್ಯಗಳನ್ನು 2019ರ ನವೆಂಬರ್‌ನಲ್ಲಿ ಹೊರಗಿಟ್ಟರು. ಬ್ರೆಜಿಲ್‌ನ ಬೀಟೆಗೆ ಮಾತ್ರ ಈ ವಿನಾಯಿತಿ ಇಲ್ಲ.

ವೀಸಾಕ್ಕೆ ಎಷ್ಟು ಮೊದಲು ಓಡಾಡಬೇಕು?
— ಪಿ.ಜೆ. ಬಡಾವಣೆ, ದಾವಣಗೆರೆ

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನದೊಳಗೆ ತೀರ್ಮಾನವಾಗಬೇಕೆಂಬ ನಿಯಮವಿದ್ದರೂ 45 ದಿನದವರೆಗೆ ಎಳೆಯಲು ಅವಕಾಶವಿದೆ. ಬೇಸಿಗೆಯಲ್ಲಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳು ಮೊದಲೇ ಹೋಗುವುದು ಕ್ಷೇಮ. ದೊಡ್ಡವರಿಗೆ ಶುಲ್ಕ 90 ಯೂರೊ, ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ದೇಶಗಳಿಂದ ಹೊರಬೀಳುವ ದಿನದಿಂದ ಮುಂದೆ ಮೂರು ತಿಂಗಳು ಜೀವಂತವಿರಬೇಕು, ಎರಡು ಪುಟ ಖಾಲಿ ಇರಬೇಕು.

ಅರ್ಜಿಗಳು ಎಡವುವುದು ಹೆಚ್ಚಾಗಿ ಎರಡು ಕಡೆ. ನಮ್ಮ ಕಡೆಯ ಹೆಸರಿನ ಹಿಂದಿರುವ ಊರು-ತಂದೆಯ ಇನಿಷಿಯಲ್ಲು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು, ಬ್ಯಾಂಕಿನಲ್ಲಿ ಬರಿಯ ಅಕ್ಷರ. ಉತ್ಸವದ ಟಿಕೆಟ್ಟಿನಿಂದ ವಿಮಾನದ ಟಿಕೆಟ್ಟಿನವರೆಗೆ ಎಲ್ಲದರಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ. ಇನ್ನೊಂದು, ಅರ್ಜಿಗೆ ವಾರ ಮೊದಲು ಯಾರಿಂದಲೋ ಕೈಗಡ ತಂದು ಖಾತೆಗೆ ತುಂಬುವ ದೊಡ್ಡ ಮೊತ್ತ. ಅದು ಬಲ ಕೊಡುವ ಬದಲು ಅನುಮಾನ ಹುಟ್ಟಿಸುತ್ತದೆ. ಕೇಳಲು ಹೋಗುತ್ತೀರೋ ನುಡಿಸಲೋ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ. ವೇದಿಕೆ ಹತ್ತುವವರಿಗೆ ಸಂಘಟಕರ ಆಹ್ವಾನಪತ್ರ ಬೇಕು, ಸಂಭಾವನೆ ಇದೆಯೇ ಇಲ್ಲವೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಹಾಗೇ ನೇಪಲ್ಸ್ ನೋಡಿ ಬರುವ ಯೋಚನೆಯಿದ್ದರೆ, ಹೆಚ್ಚು ದಿನ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಮನ್‌ಹೈಮ್‌ನಲ್ಲಿ ರೈಲು ಬದಲಿಸಿ ಬ್ರುಖ್ಸಾಲ್ ಸೇರಬಹುದು. ಊರು ಚಿಕ್ಕದು, ಉತ್ಸವದ ದಿನಗಳಲ್ಲಿ ಕೋಣೆ ಸಿಗದಿದ್ದರೆ 20 ಕಿಲೋಮೀಟರ್ ದೂರದ ಕಾರ್ಲ್ಸ್‌ರೂಹೆಯಲ್ಲಿ ಹುಡುಕಿ.

ಅಮ್ಮ ಬೆಣ್ಣೆ ಕಾಯಿಸಿದ ತುಪ್ಪ ಕಟ್ಟಿಕೊಡುತ್ತೇನೆ ಅನ್ನುತ್ತಿದ್ದಾರೆ. ಒಯ್ಯಬಹುದೇ?
— ಹೊನ್ನಾಳಿ

ಇಲ್ಲ. ಯುರೋಪಿನ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಬೆಣ್ಣೆ, ತುಪ್ಪ, ಪೇಡ ಎಲ್ಲವೂ ಬುಟ್ಟಿಗೆ ಹೋಗುತ್ತವೆ. ತಾಜಾ ಹಣ್ಣಿಗೂ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಮಾತ್ರ ಬೇಡ ಎಂಬುದು ನಮ್ಮವರಿಗೆ ಒಂದು ಸಮಾಧಾನ. ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಧಾರಾಳವಾಗಿ ಒಯ್ಯಿರಿ, ಎಣ್ಣೆಯಲ್ಲಿ ಮಾಡಿದ್ದಾದರೆ. ಭಾನುವಾರ ಮತ್ತು ರಜಾದಿನ ಅಲ್ಲಿ ಅಂಗಡಿ ಮುಚ್ಚಿರುತ್ತವೆ. ಸಸ್ಯಾಹಾರಿಗಳು ತರಕಾರಿ ಸೂಪನ್ನು ಕೂಡ ಮಾಂಸದ ಸಾರಿನಲ್ಲಿ ಕುದಿಸಿದ್ದಾರೆಯೇ ಎಂದು ಕೇಳಿಕೊಂಡೇ ತಟ್ಟೆ ಮುಟ್ಟಬೇಕು.

ಚಪ್ಪಾಳೆ ಯಾವಾಗ? ಎಲ್ಲಿ ಕೂತರೆ ಚೆನ್ನಾಗಿ ಕೇಳುತ್ತದೆ?
— ಜಗಳೂರು

ಒಂದು ಕೃತಿಗೆ ಮೂರೋ ನಾಲ್ಕೋ ಭಾಗಗಳಿರುತ್ತವೆ. ಉದಾಹರಣೆಗೆ ವಿವಾಲ್ಡಿ ಮ್ಯಾಂಡೋಲಿನ್‌ಗೆಂದೇ ಬರೆದ ಸಿ ಮೇಜರ್ ಕನ್ಚೆರ್ಟೊದಲ್ಲಿ (ಒಂದು ವಾದ್ಯ ಮುಂದಾಗಿ, ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಮೂರು: ವೇಗ, ವಿಳಂಬ, ಮತ್ತೆ ವೇಗ. ನಡುವಿನ ಮೌನದಲ್ಲಿ ತಟ್ಟಬೇಡಿ. ನಿರ್ದೇಶಕರು ಕೈ ಇಳಿಸಿ ಸಭೆಯತ್ತ ತಿರುಗಿದ ಮೇಲೆ ಸರಿ. ತೊಡೆಯ ಮೇಲೆ ತಾಳ ಹಾಕುವ ನಮ್ಮ ಅಭ್ಯಾಸ, ನಡುವೆ "ಭಲೆ" ಎನ್ನುವುದು, ಎರಡನ್ನೂ ಊರಿಗೆ ಬಂದ ಮೇಲೆ ಮುಂದುವರಿಸಬಹುದು. ಮೈಕ್ ಇಲ್ಲದ ಸಭೆಯಲ್ಲಿ ಚೀಲದ ಜಿಪ್ಪಿನ ಸದ್ದೂ ಕೊನೆಯ ಸಾಲಿಗೆ ಮುಟ್ಟುತ್ತದೆ.

ಮ್ಯಾಂಡೋಲಿನ್‌ನ ನಾದ ಮುಂದಕ್ಕೆ ನೇರವಾಗಿ ಹೊರಡುತ್ತದೆ, ಬೇಗ ಆರುತ್ತದೆ. ಐದನೇ ಸಾಲಿನಿಂದ ಹತ್ತನೇ ಸಾಲಿನವರೆಗೆ, ನಡುವಿನಿಂದ ತುಸು ಎಡಕ್ಕೆ ಕೂತುಕೊಳ್ಳಿ. ಮೊದಲ ಮ್ಯಾಂಡೋಲಿನ್‌ನವರು ಸಾಮಾನ್ಯವಾಗಿ ನಿಮ್ಮ ಎಡಗಡೆ ಇರುತ್ತಾರೆ. ದಿನವಿಡೀ ಕೇಳುವ ಉತ್ಸಾಹದಲ್ಲಿ ಮಧ್ಯಾಹ್ನದ ಹೊತ್ತಿಗೇ ಕಿವಿ ಮಂದವಾಗುತ್ತದೆ. ಪಟ್ಟಿ ನೋಡಿ ದಿನಕ್ಕೆ ನಾಲ್ಕೈದು ತಂಡ ಆರಿಸಿಕೊಂಡು, ನಡುವೆ ಎದ್ದು ಹೋಗಿ ಬ್ರುಖ್ಸಾಲ್ ಅರಮನೆಯೊಳಗಿನ ತಾನೇ ನುಡಿಯುವ ವಾದ್ಯಯಂತ್ರಗಳ ವಸ್ತುಸಂಗ್ರಹಾಲಯ ನೋಡಿ ಬರುವುದು ಮೇಲು.

ಅಲ್ಲೇ ಒಂದು ಒಳ್ಳೆಯ ಮ್ಯಾಂಡೋಲಿನ್ ಕೊಳ್ಳೋಣವೆಂದಿದ್ದೇನೆ. ಏನು ನೋಡಬೇಕು?
— ಹೊಸದುರ್ಗ

ಮೊದಲು ಮಾದರಿ ಯಾವುದೆಂದು ತೀರ್ಮಾನಿಸಿ. ನೇಪಲ್ಸ್‌ನದು ಹಗುರ ಮೈ, ಮಿನುಗುವ ದನಿ. ಇತ್ತೀಚಿನ ಜರ್ಮನ್ ಮಾದರಿಯದು ದೊಡ್ಡ ಹೊಟ್ಟೆ, ದುಂಡು ದನಿ, ಆರ್ಕೆಸ್ಟ್ರಾಕ್ಕೆ ಹೇಳಿ ಮಾಡಿಸಿದ್ದು. ಗಿಬ್ಸನ್ ಕಂಪನಿ 1922ರಲ್ಲಿ ತಂದ ಎಫ್-5 ವಂಶದ, ಬೆನ್ನು ತುಸುವೇ ಉಬ್ಬಿದ ವಾದ್ಯ ಗಡಸು, ಬ್ಲೂಗ್ರಾಸ್‌ನವರಿಗೆ ಪ್ರಿಯ. ನಮ್ಮ ವಾದ್ಯಗೋಷ್ಠಿಯ ಗದ್ದಲಕ್ಕೆ, ದಾವಣಗೆರೆಯ ಒಣಹವೆಗೆ ಈ ಕೊನೆಯದೇ ತಾಳಿಕೊಳ್ಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಕೂತು ನುಡಿಸುವವರು ಹಾಗೆ ಯೋಚಿಸಬೇಕಿಲ್ಲ.

ಹಳೆಯದನ್ನು ಕೊಳ್ಳುವಾಗ ಕತ್ತಿನ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಕತ್ತು ಬಿಲ್ಲಾಗಿದ್ದರೆ ಅಲ್ಲೇ ಬಿಟ್ಟುಬಿಡಿ. ಹಳೆಯ ಇಟಲಿಯ ವಾದ್ಯಗಳ ಕತ್ತಿನೊಳಗೆ ತಿರುಗಿಸಿ ಸರಿಮಾಡುವ ಉಕ್ಕಿನ ಸರಳು ಇರುವುದಿಲ್ಲ, ನೆಟ್ಟಗೆ ಮಾಡಿಸುವ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರ ಇದ್ದರೆ ಚೆನ್ನ, ಮೂರು ದಾಟಿದರೆ ಬೆರಳು ಸೋಲುತ್ತದೆ. ಕುದುರೆಯ ಸುತ್ತ ಹಲಗೆ ತಗ್ಗಿದೆಯೇ ಎಂದು ಸ್ಕೇಲು ಅಡ್ಡ ಇಟ್ಟು ನೋಡಿ. ನೇಪಲ್ಸ್ ಮಾದರಿಯಲ್ಲಿ ಕುದುರೆಯ ಹಿಂದೆ ಹಲಗೆ ಇಳಿಜಾರಾಗುವುದು ರಚನೆಯೇ ಹೊರತು ದೋಷವಲ್ಲ, ಕುದುರೆಯ ಮುಂದೆ ಗುಳಿ ಕಂಡರೆ ಮಾತ್ರ ದೋಷ. ಬೆನ್ನಿನ ಪಟ್ಟಿಗಳ ನಡುವಿನ ಸೀಳನ್ನು ಬೆರಳುಗಂಟಿನಿಂದ ಮೆಲ್ಲಗೆ ಬಡಿದು ಪತ್ತೆ ಮಾಡಬಹುದು, ಬಿಟ್ಟುಕೊಂಡ ಕಡೆ ಸದ್ದು ಗಿಲಿಗುಟ್ಟುತ್ತದೆ.

ಅಂಗಡಿಯಿಂದ ಹೊಸದು ಕೊಂಡರೆ ಬೆಲೆಯೊಳಗೆ ಶೇಕಡ 19ರ ತೆರಿಗೆ ಸೇರಿರುತ್ತದೆ. ಬಿಲ್ಲು 50 ಯೂರೊ ಮೀರಿದ್ದರೆ ಯುರೋಪಿನ ಹೊರಗಿನವರು ಅದರ ಬಹುಪಾಲನ್ನು ವಾಪಸು ಪಡೆಯಬಹುದು. ಅಂಗಡಿಯವರಿಂದ ತೆರಿಗೆ ವಾಪಸಾತಿಯ ಫಾರಂ ಬರೆಸಿಕೊಂಡು, ವಿಮಾನ ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವ ಮುಂಚೆ ವಾದ್ಯವನ್ನು ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಬೇಕು. ಒಪ್ಪಿಸಿದ ಮೇಲೆ ನೆನಪಾದರೆ ಹಣ ಹೋದಂತೆಯೇ. ಸಹವಾದಕರಿಂದ ಹಳೆಯದನ್ನು ಕೊಂಡರೆ ಈ ವಾಪಸಾತಿ ಇಲ್ಲ. ಬೆಂಗಳೂರಿಗೆ ಇಳಿದಾಗ ಸುಂಕರಹಿತ ಮಿತಿ ದಾಟಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಸುಂಕ ಕಟ್ಟಿ. ಇಲ್ಲಿಂದಲೇ ಬೆಲೆಬಾಳುವ ವಾದ್ಯ ಒಯ್ಯುತ್ತಿದ್ದರೆ, ಹೊರಡುವ ದಿನ ಅದೇ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾದ್ಯದ ಒಳಗಿನ ಚೀಟಿ, ಕ್ರಮಸಂಖ್ಯೆ ಅದರಲ್ಲಿ ನಮೂದಾಗಿರಲಿ. ಮರಳುವಾಗ "ಇದು ನನ್ನದೇ" ಎಂದು ವಾದಿಸುವ ಕಷ್ಟ ತಪ್ಪುತ್ತದೆ.